ಮೂವರು ಹಾನಗಲ್, ಇಬ್ಬರು ಚಂದ್ರಶೇಖರ್

ಹಾನಗಲ್ ಎಂಬ ಹೆಸರಿನಿಂದ ನಾಡಿಗೆಲ್ಲ ಗೊತ್ತಾದವರು ಮೂವರಿದ್ದಾರೆ. ಒಬ್ಬರು ಗಾಯಕಿ, ಒಬ್ಬರು ಸ್ವಾಮಿಗಳು, ಒಬ್ಬರು ಸಿನಿಮಾ ನಟರು. ಮಜಾ ಏನೆಂದರೆ, ಮೂವರಲ್ಲಿ ಒಬ್ಬರೂ ಹಾನಗಲ್ಲಿನಲ್ಲಿ ಹುಟ್ಟಿದವರಲ್ಲ. ಅದೇ ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿ ಸಂಗೀತದಲ್ಲಿ ಬೆಟ್ಟದಷ್ಟು ಹೆಸರು ಮಾಡಿದ ಇಬ್ಬರಿದ್ದಾರೆ. ಅವರ ಹೆಸರಿನಲ್ಲಿ ಹಾನಗಲ್ ಇಲ್ಲ!

ಇದೆಂಥ ಲೆಕ್ಕ ಅಂತೀರಾ? ಬನ್ನಿ ಮಕ್ಕಳೇ, ಹಾವೇರಿ ಜಿಲ್ಲೆಯಲ್ಲೇ ಸುತ್ತಾಡುತ್ತ ಈ ಲೆಕ್ಕ ಬಿಡಿಸೋಣ. ದಾರಿಯಲ್ಲಿ ರಾಣೆಬೆನ್ನೂರಿನ ಚಿಗರಿಯೂ ಬ್ಯಾಡಗಿಯ ಮೆಣಸಿನಕಾಯಿಯೂ ಸಿಗುತ್ತವೆ.

ಮೊದಲು ನಮ್ಮ ಕಡೆಯ ಅಡ್ಡಹೆಸರುಗಳ ಗುಟ್ಟು ತಿಳಿಯಬೇಕು. ಕೆಲವರ ಅಡ್ಡಹೆಸರು ಮನೆತನದ ಕಸುಬಿನಿಂದ ಬಂದದ್ದು: ಬಡಿಗೇರ, ಕಮ್ಮಾರ, ಕುಂಬಾರ. ಕೆಲವರದು ನೇರವಾಗಿ ಅಡುಗೆಮನೆಯಿಂದ ಎದ್ದು ಬಂದಂತಿರುತ್ತದೆ: ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಇನ್ನು ಕೆಲವರದು ಊರಿನ ಹೆಸರು. ಬ್ಯಾಡಗಿ ಎಂಬ ಅಡ್ಡಹೆಸರು ಬ್ಯಾಡಗಿಯಲ್ಲೇ ಕೂತವರಿಗೆ ಯಾಕೆ ಬೇಕು ಹೇಳಿ? ಅಲ್ಲಿ ಎಲ್ಲರೂ ಬ್ಯಾಡಗಿಯವರೇ. ಆ ಊರಿನವರೊಬ್ಬರು ಹುಬ್ಬಳ್ಳಿಗೋ ಗದಗಿಗೋ ಹೋಗಿ ನೆಲೆಸಿದಾಗ ಮಾತ್ರ ಆ ಹೆಸರಿಗೆ ಕೆಲಸ ಬರುತ್ತದೆ. ‘ಯಾವ ಬಸವರಾಜ?’ ‘ಬ್ಯಾಡಗಿ ಬಸವರಾಜ.’ ಎಲ್ಲರಿಗೂ ಒಪ್ಪುವ ಗುರುತಿನಿಂದ ಯಾರನ್ನೂ ಗುರುತಿಸಲಾಗದು. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಮಾಹಿತಿಯನ್ನು ಅಳೆಯುವ ಗಣಿತವನ್ನು ಕಟ್ಟಿದಾಗ ಅದರ ಬುಡದಲ್ಲಿದ್ದದ್ದೂ ಇದೇ ವಿಚಾರ: ಮೊದಲೇ ಗೊತ್ತಿರುವುದನ್ನು ಹೇಳಿದರೆ ಮಾಹಿತಿ ಸೊನ್ನೆ. ನಮ್ಮ ಹಳ್ಳಿಗಳ ಜನ ಶಾನನ್‌ಗಿಂತ ಬಹಳ ಹಿಂದಿನಿಂದಲೂ ಇದನ್ನು ಅಡ್ಡಹೆಸರಿನಲ್ಲಿ ಬಳಸುತ್ತಿದ್ದರು ಎನ್ನಲು ನನಗೇನೂ ಸಂಕೋಚವಿಲ್ಲ.

ಹಾಗಾಗಿಯೇ ಊರಿನ ಅಡ್ಡಹೆಸರು ಹೊತ್ತವರು ಬಹಳ ಸಲ ಬೇರೆ ಊರಿನಲ್ಲಿ ಸಿಗುತ್ತಾರೆ. ಜ್ಞಾನಪೀಠ ಪಡೆದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಗೋಕಾಕದಲ್ಲಲ್ಲ, ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ.

ಈಗ ಮೂವರು ಹಾನಗಲ್ಲರ ಹತ್ತಿರ ಹೋಗೋಣ.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತು, ಹುಬ್ಬಳ್ಳಿಯಲ್ಲಿ ಬಾಳಿ, ಹಿಂದೂಸ್ತಾನಿ ಸಂಗೀತದಲ್ಲಿ ದೇಶವೇ ತಲೆದೂಗುವಂತೆ ಹಾಡಿದವರು. ಹಾನಗಲ್ ಅವರ ಹಿರೀಕರ ಊರು. ಊರು ಬಿಟ್ಟು ಬಂದರೂ ಹೆಸರು ಬೆನ್ನು ಬಿಡಲಿಲ್ಲ.

ಹಾನಗಲ್ ಕುಮಾರ ಸ್ವಾಮಿಗಳು ಹುಟ್ಟಿದ್ದು ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ, 1867ರಲ್ಲಿ. ಹಾನಗಲ್ಲಿನ ವಿರಕ್ತಮಠಕ್ಕೆ ಸ್ವಾಮಿಗಳಾದ ಮೇಲೆ ಊರಿನ ಹೆಸರು ಅವರ ಹೆಸರಿನ ಜೊತೆ ಸೇರಿತು. ಬಾದಾಮಿಯ ಹತ್ತಿರದ ಶಿವಯೋಗ ಮಂದಿರವನ್ನು ಕಟ್ಟಿದವರು ಇವರೇ. ಗಂಗೂಬಾಯಿಯವರಿಗೆ ಹಾನಗಲ್ ಹಿರಿಯರಿಂದ ಬಂತು, ಸ್ವಾಮಿಗಳಿಗೆ ಮಠದಿಂದ ಬಂತು. ದಾರಿ ಬೇರೆಯಾದರೂ ಎರಡೂ ಹೆಸರು ಹೊರಟದ್ದು ಒಂದೇ ಊರಿನಿಂದ.

ಮೂರನೆಯವರು ಎ.ಕೆ. ಹಂಗಲ್. ನಿಮ್ಮ ಅಪ್ಪ ಅಮ್ಮನನ್ನು ಕೇಳಿ, 1975ರ ‘ಶೋಲೆ’ ಸಿನಿಮಾದ ಕಣ್ಣು ಕಾಣದ ರಹೀಂ ಚಾಚಾ ಅಂದರೆ ಕೂಡಲೇ ನೆನಪಾಗುತ್ತದೆ. ಪೂರ್ಣ ಹೆಸರು ಅವತಾರ್ ಕಿಶನ್ ಹಂಗಲ್. ಇಂಗ್ಲಿಷಿನಲ್ಲಿ ಬರೆದರೆ ಅವರ ಅಡ್ಡಹೆಸರಿಗೂ ಗಂಗೂಬಾಯಿಯವರ ಅಡ್ಡಹೆಸರಿಗೂ ಅಕ್ಷರ ಅಕ್ಷರವೂ ಹೊಂದುತ್ತದೆ. ಹಾಗಾಗಿ ‘ಇವರೂ ನಮ್ಮ ಕಡೆಯವರೇ ಇರಬೇಕು’ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಅವರು ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಸಿಯಾಲಕೋಟದಲ್ಲಿ, ಕಾಶ್ಮೀರಿ ಪಂಡಿತರ ಮನೆಯಲ್ಲಿ. ಆ ಹೆಸರಿಗೆ ನಮ್ಮ ಹಾನಗಲ್ಲಿನ ಗಾಳಿಯೂ ಸೋಕಿಲ್ಲ. ಕಾಶ್ಮೀರಿ ಭಾಷೆಯಲ್ಲಿ ಹಂಗಲ್ ಅಥವಾ ಹಂಗುಲ್ ಎಂದರೆ ದೊಡ್ಡ ಕೊಂಬಿನ ಸಾರಂಗ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಹಾನಗಲ್ಲಿಗೆ ಮೊದಲಿನಿಂದ ಈ ಹೆಸರಿರಲಿಲ್ಲ. ಹಳೆಯ ಶಾಸನಗಳಲ್ಲಿ ಅದು ಪಾನುಂಗಲ್. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು; ಹಾಗೆಯೇ ಪಾನುಂಗಲ್ ಸವೆದು ಹಾನಗಲ್ ಆಯಿತು. ಸಾವಿರ ವರ್ಷದ ಹಿಂದೆ ಆ ಊರಿನವರೂ ಕಾಶ್ಮೀರದವರೂ ಎದುರಾಗಿ ಹೆಸರು ಹೇಳಿಕೊಂಡಿದ್ದರೆ ಹೊಂದಾಣಿಕೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ದೂರದಲ್ಲಿದ್ದ ಎರಡು ಹೆಸರುಗಳು ತಮ್ಮ ತಮ್ಮ ದಾರಿಯಲ್ಲಿ ನಡೆದು ಕೊನೆಗೆ ಅಕ್ಕಪಕ್ಕ ಬಂದು ನಿಂತಿವೆ, ಅಷ್ಟೆ.

ಜೀವವಿಜ್ಞಾನಿಗಳಿಗೆ ಇಂಥ ಸಂಗತಿ ಬಹಳ ಹಳೆಯ ಪರಿಚಯ. ಬಾವಲಿಗೂ ರೆಕ್ಕೆ, ಗಿಳಿಗೂ ರೆಕ್ಕೆ. ಆದರೆ ಬಾವಲಿ ಹಾಲುಣಿಸುವ ಪ್ರಾಣಿ. ಅದರ ರೆಕ್ಕೆ ಉದ್ದ ಬೆರಳುಗಳ ನಡುವೆ ಬಿಗಿದ ಚರ್ಮ. ಗಿಳಿಯ ರೆಕ್ಕೆ ಗರಿಗಳದ್ದು. ಹಾರುವ ವಿದ್ಯೆಯನ್ನು ಎರಡೂ ಬೇರೆ ಬೇರೆಯಾಗಿ ಪಡೆದವು. ಹೋಲಿಕೆ ಕಂಡ ಕೂಡಲೇ ಸಂಬಂಧಿಕರು ಎಂದು ಬರೆದುಕೊಳ್ಳುವ ಹಾಗಿಲ್ಲ, ಹೋಲಿಕೆ ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು.

ಸಾರಂಗದ ಮಾತು ಬಂತಲ್ಲ, ರಾಣೆಬೆನ್ನೂರಿಗೆ ಬನ್ನಿ. ಅಲ್ಲಿ 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯವಿದೆ, 119 ಚದರ ಕಿಲೋಮೀಟರ್ ವಿಸ್ತಾರ. ಕೃಷ್ಣಮೃಗವನ್ನು ನಮ್ಮ ಜನ ಚಿಗರಿ ಅನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಚಿಗರಿ ಎಂದೇ ಹೆಸರಿಟ್ಟಿದ್ದಾರೆ. ಹೆದರಿದ ಚಿಗರಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಬಸ್ಸು ಸಿಗ್ನಲ್‌ನಲ್ಲಿ ನಿಲ್ಲಬೇಕಾಗುತ್ತದೆ, ಆ ಮಾತು ಬೇರೆ.

ತೆಳ್ಳನೆಯ ಕಾಲು, ಕೊಂಬು, ಬೆದರಿದ ಕಣ್ಣು ನೋಡಿ ಚಿಗರಿಯನ್ನು ಎಲ್ಲರೂ ಜಿಂಕೆಯ ಜಾತಿಗೆ ಸೇರಿಸಿಬಿಡುತ್ತಾರೆ. ಚಿಗರಿ ಜಿಂಕೆಯಲ್ಲ. ಅದರ ಹತ್ತಿರದ ಬಂಧುಗಳು ಆಡು, ಕುರಿ, ಆಕಳು. ಜಿಂಕೆಗಳ ಕುಟುಂಬವೂ ಆಕಳುಗಳ ಕುಟುಂಬವೂ ಎರಡು ಕೋಟಿ ವರ್ಷಕ್ಕೂ ಹಿಂದೆಯೇ ಬೇರೆಯಾಗಿವೆ. ಗುರುತು ಹಿಡಿಯಬೇಕಾದರೆ ಕೊಂಬು ನೋಡಿ. ಕಾಶ್ಮೀರದ ಹಂಗುಲ್, ನಮ್ಮ ಚುಕ್ಕೆ ಜಿಂಕೆ, ಕಡವೆ ಇವುಗಳ ಕೊಂಬು ಗಟ್ಟಿ ಮೂಳೆ. ಮರದ ಟೊಂಗೆಯ ಹಾಗೆ ಕವಲೊಡೆಯುತ್ತದೆ, ಉದುರಿಹೋಗುತ್ತದೆ, ಮತ್ತೆ ಹೊಸದಾಗಿ ಬೆಳೆಯುತ್ತದೆ. ಚಿಗರಿಯ ಕೋಡು ಆಡಿನ ಕೋಡಿನ ಥರದ್ದು: ಒಳಗೆ ಮೂಳೆಯ ತಿರುಳು, ಮೇಲೆ ನಮ್ಮ ಉಗುರಿನಲ್ಲಿರುವಂಥದ್ದೇ ಕೆರಟಿನ್ ಎಂಬ ವಸ್ತುವಿನ ಹೊದಿಕೆ. ತಿರುಚಿಕೊಂಡು ಬೆಳೆಯುತ್ತದೆಯೇ ಹೊರತು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ.

1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರಿಡುತ್ತಿದ್ದಾಗ ಚಿಗರಿಯ ಮುಂದೆ ಅವನಿಗೂ ಸ್ವಲ್ಪ ಇಕ್ಕಟ್ಟಾಗಿರಬೇಕು. ಅವನು ಕೊಟ್ಟ ಹೆಸರಿನ ಎರಡನೆಯ ಪದ ‘ಸೆರ್ವಿಕಾಪ್ರಾ’. ಲ್ಯಾಟಿನ್‌ನಲ್ಲಿ ಸೆರ್ವಸ್ ಜಿಂಕೆ, ಕಾಪ್ರಾ ಆಡು. ಎರಡನ್ನೂ ಸೇರಿಸಿ ಹೊಲಿದುಬಿಟ್ಟ! ಕಾಶ್ಮೀರದ ಸಾರಂಗದ ವೈಜ್ಞಾನಿಕ ಹೆಸರಾದರೋ ‘ಸೆರ್ವಸ್ ಹಂಗ್ಲು’. ರಹೀಂ ಚಾಚಾನ ಅಡ್ಡಹೆಸರು ವಿಜ್ಞಾನದ ಪುಸ್ತಕದಲ್ಲೂ ಕುಳಿತಿದೆ ನೋಡಿ.

ಪ್ರಾಣಿಗಳ ಹೆಸರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎರಡು ಬೇರೆ ಪ್ರಾಣಿಗಳಿಗೆ ಒಂದೇ ವೈಜ್ಞಾನಿಕ ಹೆಸರು ಇರುವಂತಿಲ್ಲ. ಅಪ್ಪಿತಪ್ಪಿ ಇಟ್ಟಿದ್ದರೆ ಮೊದಲು ಯಾವುದಕ್ಕೆ ಇಟ್ಟರೋ ಅದಕ್ಕೇ ಹೆಸರು ಉಳಿಯುತ್ತದೆ, ಇನ್ನೊಂದಕ್ಕೆ ಹೊಸದು ಹುಡುಕಬೇಕು. ಮನುಷ್ಯರಿಗೆ ಇಂಥ ನಿಯಮ ತಂದರೆ ನಮ್ಮ ಬಸವರಾಜಂದಿರ ಗತಿ ಏನಾಗಬೇಡ!

ಸರಿ, ಗಂಗೂಬಾಯಿಯವರ ಅಡ್ಡಹೆಸರೂ ಎ.ಕೆ. ಹಂಗಲ್‌ರ ಅಡ್ಡಹೆಸರೂ ಹೊಂದಿದ್ದು ಬರೀ ಆಕಸ್ಮಿಕ ಎಂದಾಯಿತು. ಅಷ್ಟು ದೊಡ್ಡ ಆಕಸ್ಮಿಕ ಹೇಗೆ ಸಾಧ್ಯ ಎಂದು ಕೇಳುತ್ತೀರಿ. ಇದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ತರಗತಿಯಲ್ಲಿ 23 ಮಕ್ಕಳಿದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 40 ಮಕ್ಕಳಿದ್ದರೆ ನೂರಕ್ಕೆ 89. ವರ್ಷಕ್ಕೆ 365 ದಿನ ಇರುವಾಗ ಇದು ಹೇಗೆ? ನಾವು ಎಣಿಸಬೇಕಾದದ್ದು ಮಕ್ಕಳನ್ನಲ್ಲ, ಜೋಡಿಗಳನ್ನು. 23 ಮಕ್ಕಳಲ್ಲಿ 253 ಜೋಡಿ ಮಾಡಬಹುದು, 40 ಮಕ್ಕಳಲ್ಲಿ 780. ಒಂದೊಂದು ಜೋಡಿಗೂ ದಿನ ಹೊಂದುವ ಒಂದೊಂದು ಅವಕಾಶ. ಹಾಗೆಯೇ ದೇಶದ ಅಡ್ಡಹೆಸರುಗಳನ್ನೆಲ್ಲ ಜೋಡಿ ಜೋಡಿಯಾಗಿ ನೋಡುತ್ತ ಹೋದರೆ ಜೋಡಿಗಳು ಕೋಟಿಗಟ್ಟಲೆ ಆಗುತ್ತವೆ. ಅವುಗಳಲ್ಲಿ ಕೆಲವು ಹೊಂದದೆ ಇದ್ದಿದ್ದರೆ ಅದೇ ಸೋಜಿಗ. ಹೊಂದದ ಜೋಡಿಗಳ ಬಗ್ಗೆ ಯಾರೂ ಬರೆಯುವುದಿಲ್ಲ, ಹಾಗಾಗಿ ಹೊಂದಿದ್ದು ದೊಡ್ಡದಾಗಿ ಕಾಣುತ್ತದೆ.

ಈ ಹುಟ್ಟುಹಬ್ಬದ ಲೆಕ್ಕವನ್ನು ನಿಮ್ಮ ತರಗತಿಯಲ್ಲಿ ಮಾಡಿ ನೋಡಿ. ಅಜ್ಜಂದಿರ ಗುಂಪಿನಲ್ಲಿ ಮಾತ್ರ ಬೇಡ. ಆಗಿನ ಕಾಲದಲ್ಲಿ ಹುಟ್ಟಿದ ತಾರೀಕು ಬರೆದಿಡದ ಮನೆಗಳ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಮಾಸ್ತರರೇ ಜೂನ್ 1 ಎಂದು ಹಾಕಿಬಿಡುತ್ತಿದ್ದರು. ದಾಖಲೆ ನಂಬಿದರೆ ಅರ್ಧ ಊರು ಒಂದೇ ದಿನ ಹುಟ್ಟಿದ ಹಾಗಾಗುತ್ತದೆ. ಹುಟ್ಟಿದ ದಿನಗಳು ವರ್ಷದ ತುಂಬ ಹರಡಿಕೊಂಡಿದ್ದರೆ ಮಾತ್ರ ನನ್ನ ಲೆಕ್ಕ ನಿಲ್ಲುತ್ತದೆ.

ಹೆಸರು ಹೊಂದಿದ್ದೆಲ್ಲ ಆಕಸ್ಮಿಕ ಎಂದುಕೊಂಡರೆ ಅದೂ ಸರಿಯಲ್ಲ. ಅದಕ್ಕೇ ಎಸ್. ಚಂದ್ರಶೇಖರ್ ಎಂಬ ಇಬ್ಬರು ಭೌತವಿಜ್ಞಾನಿಗಳ ಕಥೆ ಹೇಳಬೇಕು. ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು. ಅಷ್ಟೇ ಅಲ್ಲ, ಬೆಂಗಳೂರಿನ ಸರ್ ಸಿ.ವಿ. ರಾಮನ್ ಇಬ್ಬರಿಗೂ ಹತ್ತಿರದ ನೆಂಟರು.

ಮೊದಲನೆಯವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ರಾಮನ್‌ರ ಅಣ್ಣನ ಮಗ, 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. 1930ರಲ್ಲಿ ಓದಲು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಅವರಿಗಿನ್ನೂ ಹತ್ತೊಂಬತ್ತು. ಹಡಗಿನಲ್ಲೇ ನಕ್ಷತ್ರಗಳ ಸಾವಿನ ಲೆಕ್ಕ ಹಾಕುತ್ತ ಕೂತರು. ಉರಿಯುವ ಇಂಧನ ಮುಗಿದ ಮೇಲೆ ನಮ್ಮ ಸೂರ್ಯನಂಥ ನಕ್ಷತ್ರ ಭೂಮಿಯಷ್ಟು ಚಿಕ್ಕದಾಗಿ ಕುಗ್ಗಿ ಶ್ವೇತ ಕುಬ್ಜವಾಗುತ್ತದೆ. ಆದರೆ ಹೀಗೆ ಉಳಿಯಲು ಒಂದು ಮಿತಿಯಿದೆ. ಸೂರ್ಯನ ತೂಕದ ಸುಮಾರು 1.4 ಪಟ್ಟಿಗಿಂತ ಹೆಚ್ಚಾದರೆ ಅದು ತನ್ನ ಭಾರ ತಾನೇ ತಡೆಯಲಾರದೆ ಕುಸಿಯುತ್ತದೆ. ಇದಕ್ಕೇ ಚಂದ್ರಶೇಖರ್ ಮಿತಿ ಎನ್ನುವುದು. 1983ರಲ್ಲಿ ನೊಬೆಲ್ ಬಂತು. 1999ರಲ್ಲಿ ಅಂತರಿಕ್ಷಕ್ಕೆ ಹಾರಿದ ‘ಚಂದ್ರ’ ಎಕ್ಸ್-ರೇ ದೂರದರ್ಶಕಕ್ಕೆ ಅವರದೇ ಹೆಸರು.

ಎರಡನೆಯವರು ಶಿವರಾಮಕೃಷ್ಣ ಚಂದ್ರಶೇಖರ್. ರಾಮನ್‌ರ ಸೋದರಿಯ ಮಗ, ಹುಟ್ಟಿದ್ದು 1930ರಲ್ಲಿ. ಇವರು ಪೂರಾ ನಮ್ಮ ರಾಜ್ಯದ ವಿಜ್ಞಾನಿ: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಅವರು ನೋಡುತ್ತಿದ್ದದ್ದು ಆಕಾಶವನ್ನಲ್ಲ, ದ್ರವ ಸ್ಫಟಿಕಗಳನ್ನು. ಇವು ದ್ರವದಂತೆ ಹರಿಯುತ್ತವೆ, ಆದರೂ ಒಳಗಿನ ಅಣುಗಳು ಶಿಸ್ತಾಗಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಕ್ಯಾಲ್ಕುಲೇಟರ್, ಡಿಜಿಟಲ್ ವಾಚು, ಟಿವಿ ಪರದೆಗಳಲ್ಲಿ ಕೆಲಸ ಮಾಡುವುದು ಇವೇ. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರ ಹೀಗೆ ವರ್ತಿಸುತ್ತವೆ ಎಂದು ತಿಳಿದಿದ್ದರು. 1977ರಲ್ಲಿ ಚಂದ್ರಶೇಖರ್ ಮತ್ತು ಅವರ ಸಂಗಡಿಗರಾದ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳಲ್ಲೂ ದ್ರವ ಸ್ಫಟಿಕ ಸಾಧ್ಯ ಎಂದು ತೋರಿಸಿದರು. ಬುಟ್ಟಿಯಲ್ಲಿ ಜೋಳದ ರೊಟ್ಟಿ ಒಂದರ ಮೇಲೊಂದು ಅಡುಕಿಟ್ಟ ಹಾಗೆ ಆ ಅಣುಗಳು ಕಂಬ ಕಂಬವಾಗಿ ನಿಲ್ಲುತ್ತವೆ.

ಈಗ ಅವರ ಹೆಸರಿನ ಬೇರು ನೋಡಿ. ರಾಮನ್‌ರ ಹೆಸರಿನ ಮೊದಲಿಗಿರುವ ‘ಸಿ’ ಎಂದರೆ ಚಂದ್ರಶೇಖರ, ಅವರ ತಂದೆ ಚಂದ್ರಶೇಖರ ಅಯ್ಯರ್. ಇಬ್ಬರು ಎಸ್. ಚಂದ್ರಶೇಖರರಿಗೂ ಅವರೇ ಅಜ್ಜ, ಒಬ್ಬರಿಗೆ ತಂದೆಯ ತಂದೆ, ಇನ್ನೊಬ್ಬರಿಗೆ ತಾಯಿಯ ತಂದೆ. ನಕ್ಷತ್ರದ ಚಂದ್ರಶೇಖರರಿಗೆ ಪದ್ಧತಿಯಂತೆ ಅಜ್ಜನ ಹೆಸರನ್ನೇ ಇಟ್ಟರು. ನಮ್ಮ ಹಾವೇರಿ ಕಡೆಯೂ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳು ಬೇಕಾದಷ್ಟಿವೆ. ಇಲ್ಲಿ ಹೆಸರು ಒಂದು ತಲೆಮಾರು ಬಿಟ್ಟು ಮುಂದಿನದರಲ್ಲಿ ಮತ್ತೆ ಮೇಲೇಳುತ್ತದೆ. ಗ್ರೆಗರ್ ಮೆಂಡಲ್ ಬಟಾಣಿ ಬೆಳೆಸಿದಾಗ ಸುಕ್ಕು ಕಾಳಿನ ಗುಣ ಮಕ್ಕಳ ತಲೆಮಾರಿನಲ್ಲಿ ಕಾಣದೆ ಮೊಮ್ಮಕ್ಕಳಲ್ಲಿ ಮರಳಿ ಬಂದಿತ್ತು. ಅವರು ಎಣಿಸಿದಾಗ ದುಂಡು ಕಾಳು 5474, ಸುಕ್ಕು ಕಾಳು 1850. ಆದರೆ ಬಟಾಣಿಯ ಸುಕ್ಕನ್ನು ದಾಟಿಸುವುದು ಜೀನು. ಮೊಮ್ಮಗನಿಗೆ ಹೆಸರು ದಾಟಿಸುವುದು ತೊಟ್ಟಿಲ ಸುತ್ತ ನಿಂತ ಹಿರಿಯರು. ಮೊದಲನೆಯದನ್ನು ಯಾರೂ ಕೇಳಿ ಪಡೆಯಲಾಗದು, ಎರಡನೆಯದರ ಮೇಲೆ ಮನೆಯಲ್ಲಿ ಜಗಳವೇ ಆಗಬಹುದು!

ಪ್ರಬಂಧಗಳ ಮೇಲೆ ಎಸ್. ಚಂದ್ರಶೇಖರ್ ಎಂದಷ್ಟೇ ಇದ್ದರೆ ಯಾರು ಬರೆದದ್ದೆಂದು ಹೇಗೆ ತಿಳಿಯಬೇಕು? ಈ ತಾಪತ್ರಯಕ್ಕೆಂದೇ 2012ರಿಂದ ಸಂಶೋಧಕರಿಗೆ ಆರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಬಂದಿದೆ.

ರಕ್ತಸಂಬಂಧವೂ ಇಲ್ಲದೆ, ಆಕಸ್ಮಿಕವೂ ಅಲ್ಲದೆ ಹೆಸರು ಹೊಂದುವುದುಂಟೇ? ಉಂಟು. ಮೊದಲಿಗೆ ಹೇಳಿದ ಹಾನಗಲ್ ತಾಲ್ಲೂಕಿನ ಇಬ್ಬರು ಸಂಗೀತಗಾರರು ಇದಕ್ಕೆ ಸಾಕ್ಷಿ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಡುಗನಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವನ ದನಿ ಗುರುತಿಸಿ ಸಂಗೀತ ಕಲಿಯಲು ಆಸರೆಯಾದವರು ಯಾರು ಗೊತ್ತೇ? ಅದೇ ಹಾನಗಲ್ ಕುಮಾರ ಸ್ವಾಮಿಗಳು. ಆ ಹುಡುಗ ಪಂಚಾಕ್ಷರ ಗವಾಯಿಗಳಾದರು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟಯ್ಯ ಎಳೆಯ ಕೂಸಿದ್ದಾಗಲೇ ಕಣ್ಣು ಕಳೆದುಕೊಂಡ. ಪಂಚಾಕ್ಷರ ಗವಾಯಿಗಳ ಬಳಿ ಕಲಿತು ಅವನೂ ಗವಾಯಿಯಾದ. ಅವರೇ ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗುರುವಿನ ಕೆಲಸವನ್ನು ಮುಂದುವರಿಸಿ 2010ರವರೆಗೆ ಬಾಳಿದರು. ಗವಾಯಿ ಎಂದರೆ ಹಾಡುಗಾರ. ಇಲ್ಲಿ ಹೆಸರು ಅಪ್ಪನಿಂದ ಮಗನಿಗೆ ಇಳಿಯಲಿಲ್ಲ, ವಿದ್ಯೆಯ ಜೊತೆ ಗುರುವಿನಿಂದ ಶಿಷ್ಯನಿಗೆ ಇಳಿಯಿತು.

ಹಕ್ಕಿಗಳಲ್ಲೂ ಹೀಗೆ ಗುರುಪರಂಪರೆ ಇದೆ ಎಂದರೆ ನಂಬುತ್ತೀರಾ? 1950ರ ದಶಕದಲ್ಲಿ ಕೇಂಬ್ರಿಜ್‌ನ ವಿಲಿಯಂ ಥಾರ್ಪ್ ಚಾಫಿಂಚ್ ಎಂಬ ಪುಟ್ಟ ಹಕ್ಕಿಯ ಮರಿಗಳಿಗೆ ದೊಡ್ಡ ಹಕ್ಕಿಗಳ ಹಾಡು ಕೇಳಿಸದಂತೆ ಬೆಳೆಸಿದರು. ದೊಡ್ಡವಾದ ಮೇಲೆ ಅವು ಹಾಡಿದವು, ಆದರೆ ಹಾಡು ಒರಟು, ಅರೆಬರೆ. ಕೇಳಿ ಕಲಿತ ಮರಿಗಳ ಹಾಡು ಮಾತ್ರ ತುಂಬಿಕೊಂಡಿತ್ತು. ಕೋಗಿಲೆಯದು ಬೇರೆ ಕಥೆ: ಕಾಗೆಯ ಗೂಡಿನಲ್ಲಿ ಬೆಳೆದರೂ ದೊಡ್ಡದಾದಾಗ ಕುಹೂ ಎಂದೇ ಕೂಗುತ್ತದೆ. ಅದಕ್ಕೆ ಗುರು ಬೇಕಿಲ್ಲ.

ಕೆಲಸದ ಜೊತೆ ಹೆಸರು ದಾಟಿದ್ದಕ್ಕೆ ಬ್ಯಾಡಗಿಯ ಪೇಟೆಯಲ್ಲಿ ಒಂದು ಖಾರವಾದ ಉದಾಹರಣೆಯಿದೆ. ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಗಿಡ. ಅದರ ಸಂಬಂಧಿಕರು ಬದನೆ, ಟೊಮೆಟೊ, ಆಲೂಗಡ್ಡೆ. ಎರಡಕ್ಕೂ ರಕ್ತಸಂಬಂಧ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಅಡುಗೆಮನೆಯಲ್ಲಿ ಮೆಣಸು ಮಾಡುತ್ತಿದ್ದ ಖಾರದ ಕೆಲಸವನ್ನು ಹೊಸ ಕಾಯಿ ವಹಿಸಿಕೊಂಡಿತು, ಹೆಸರೂ ಅದಕ್ಕೆ ಬಂತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಹೆಚ್ಚಾಗಿ ಕಡುಗೆಂಪು ಬಣ್ಣಕ್ಕೆ ಹೆಸರುವಾಸಿ. 2011ರಲ್ಲಿ ಅದಕ್ಕೆ ಜಿ.ಐ. ಗುರುತು ಸಿಕ್ಕಿತು. ಆ ಗುರುತು ಇದ್ದರೆ ಬೇರೆ ಕಡೆಯ ಕಾಯಿಯನ್ನು ಬ್ಯಾಡಗಿ ಹೆಸರಿನಲ್ಲಿ ಮಾರುವಂತಿಲ್ಲ.

ಮೆಣಸಿನಲ್ಲಿರುವುದು ಪೈಪರಿನ್, ಮೆಣಸಿನಕಾಯಿಯಲ್ಲಿರುವುದು ಕ್ಯಾಪ್ಸೈಸಿನ್. ವಸ್ತು ಎರಡಾದರೂ ನಾಲಗೆಯ ನರದಲ್ಲಿ ಅವು ತಟ್ಟುವ ಬಾಗಿಲು ಒಂದೇ, ಬಿಸಿ ತಗುಲಿದಾಗ ತೆರೆಯುವ ಬಾಗಿಲು. ಖಾರ ತಿಂದಾಗ ಬಾಯಿ ಸುಟ್ಟಂತಾಗುವುದು ಅದಕ್ಕೇ. 1997ರಲ್ಲಿ ಈ ಬಾಗಿಲನ್ನು ಕಂಡುಹಿಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಈಗ ನಿಮಗೊಂದು ಕೆಲಸ. ಮನೆಯಲ್ಲಿ ಅಜ್ಜನನ್ನೋ ಆಯಿಯನ್ನೋ ಕೂರಿಸಿಕೊಂಡು, ನಮ್ಮ ಅಡ್ಡಹೆಸರು ಊರಿನಿಂದ ಬಂತೋ, ಕಸುಬಿನಿಂದ ಬಂತೋ, ಗುರುವಿನಿಂದ ಬಂತೋ ಎಂದು ಕೇಳಿ. ಹೇಳಿದವರ ಹೆಸರು ಮತ್ತು ತಾರೀಕಿನ ಸಮೇತ ಬರೆದಿಡಿ. ಇಬ್ಬರು ಎರಡು ಥರ ಹೇಳಿದರೆ ಒಂದನ್ನು ಹೊಡೆದುಹಾಕಬೇಡಿ, ಎರಡನ್ನೂ ಬರೆಯಿರಿ. ಆಮೇಲೆ ನಿಮ್ಮದೇ ಅಡ್ಡಹೆಸರಿನ ಇನ್ನೊಬ್ಬರು ಬೇರೆ ಊರಿನಲ್ಲಿ ಸಿಕ್ಕಾಗ ಅವರಿಗೂ ಇದೇ ಪ್ರಶ್ನೆ ಕೇಳಿ.